ಆಂಟ್‌ವರ್ಪ್‌ನಲ್ಲಿ 19ನೇ ಸ್ಥಾನ: ಬೆಳಗಾವಿಯ ಫಡೆಪ್ಪ ಚೌಗುಲೆ

ಗೋಕಾಕ: ಭಾರತ ತನ್ನದೇ ಆದ ತಂಡವೊಂದನ್ನು ಮೊದಲ ಬಾರಿಗೆ ಒಲಿಂಪಿಕ್ ಕ್ರೀಡಾಕೂಟಕ್ಕೆ ಕಳುಹಿಸಿದ್ದು 1920ರಲ್ಲಿ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಆ ಕೂಟದ ಮ್ಯಾರಥಾನ್ ಓಟದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45.4 ಸೆಕೆಂಡ್. ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಆ ಸ್ಥಾನವನ್ನು ಮೀರಿಸಿದ ಭಾರತೀಯ, 2024ರ ಪ್ಯಾರಿಸ್ ಕೂಟದವರೆಗೂ, ಒಬ್ಬರೇ.

ಪದಕವಿಲ್ಲದ ಸ್ಥಾನಗಳನ್ನು ಲೋಕ ಬೇಗ ಮರೆಯುತ್ತದೆ. ಆದರೆ ಚೌಗುಲೆ ಅವರ ಹೆಸರಿನ ಮುಂದಿರುವ ಅಂಕಿಗಳನ್ನು ಅವರ ನಂತರ ಓಡಿದ ಭಾರತೀಯರ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ, ಅವು ಇಂದಿಗೂ ಬೆರಗು ಹುಟ್ಟಿಸುತ್ತವೆ.

ಮುಂಬೈ ಪ್ರಾಂತ್ಯದ ಮಗ

ಚೌಗುಲೆ ಜನಿಸಿದ್ದು 1902ರಲ್ಲಿ. ಅಂದು ಗೋಕಾಕ, ಹುಕ್ಕೇರಿ ಸೀಮೆಗಳನ್ನು ಒಳಗೊಂಡ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಕನ್ನಡ ಮತ್ತು ಮರಾಠಿ ಎರಡೂ ಮನೆಮಾತಾಗಿದ್ದ ನಾಡು ಅದು. ಚೌಗುಲೆ ಎಂಬ ಅಡ್ಡಹೆಸರೂ ಆ ಬೆರಕೆಯ ಗುರುತೇ. ಹಳ್ಳಿಯ ಆಡಳಿತದಲ್ಲಿ ಪಾಟೀಲನಿಗೆ ನೆರವಾಗುತ್ತಿದ್ದ ಹುದ್ದೆಯಿಂದ ಬಂದ ಈ ಹೆಸರು ಗಡಿಯ ಎರಡೂ ಬದಿಯ ಮನೆತನಗಳಲ್ಲಿ ಇಂದಿಗೂ ಉಂಟು.

ಜಾತ್ರೆಯ ಕಣದಲ್ಲಿ ಕುಸ್ತಿ, ಗುಂಡು ಎತ್ತುವ ಪಂದ್ಯ, ಓಟ ಇವು ಈ ಸೀಮೆಯ ಆಟಗಳು. ಅಳತೆಯ ಓಟಪಥವಾಗಲಿ, ಸಮಯ ಗುರುತಿಸುವ ಗಡಿಯಾರವಾಗಲಿ ಹಳ್ಳಿಗಳಲ್ಲಿ ಇರಲಿಲ್ಲ. ಗೆದ್ದವನು ಯಾರೆಂಬುದು ಊರಿಗೆ ತಿಳಿಯುತ್ತಿತ್ತು. ಎಷ್ಟು ಹೊತ್ತಿನಲ್ಲಿ ಗೆದ್ದನೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಕಾಲಿನ ಬಲಕ್ಕೆ ಅಂಕಿಯ ರೂಪ ಸಿಗಬೇಕಾದರೆ ದೊಡ್ಡ ಊರಿನ ಮೈದಾನಕ್ಕೆ ಹೋಗಬೇಕಿತ್ತು.

ಈ ಭಾಗಕ್ಕೆ ಆ ದೊಡ್ಡ ಊರು ಪುಣೆ. ಬೆಳಗಾವಿಯಿಂದ ಪಾಚ್ಛಾಪುರ, ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳನ್ನು ದಾಟಿ ಮಿರಜ ಮಾರ್ಗವಾಗಿ ಸಾಗುತ್ತಿದ್ದ ಮೀಟರ್‌ಗೇಜ್ ರೈಲು ಬೆಳಗಾವಿಯನ್ನು ಪುಣೆಯೊಂದಿಗೆ ಬೆಸೆದಿತ್ತು. ವಿದ್ಯೆಗೆ, ನೌಕರಿಗೆ, ಆಟಕ್ಕೆ ಈ ನಾಡಿನವರು ಆಗ ಬೆಂಗಳೂರಿನತ್ತ ಅಲ್ಲ, ಪುಣೆ ಮುಂಬೈಗಳತ್ತ ಮುಖ ಮಾಡುತ್ತಿದ್ದರು.

ಪುಣೆಯ ಮೈದಾನ

ಪುಣೆಯಲ್ಲಿ 1906ರಲ್ಲಿ ಸ್ಥಾಪನೆಯಾದ ಡೆಕ್ಕನ್ ಜಿಮ್ಖಾನಾ ಸಂಸ್ಥೆಗೆ ಉದ್ಯಮಿ ಸರ್ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿದ್ದರು. 1919ರಲ್ಲಿ ಅಲ್ಲಿ ನಡೆದ ಕ್ರೀಡಾಕೂಟ ಭಾರತದ ಒಲಿಂಪಿಕ್ ಇತಿಹಾಸದ ಆರಂಭಬಿಂದುವಾಯಿತು. ದೂರದ ಓಟಗಳಲ್ಲಿ ಭಾಗವಹಿಸಿದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಉಣ್ಣುತ್ತಿದ್ದುದು ಬಡತನದ ಊಟ, ಓಡುತ್ತಿದ್ದುದು ಬರಿಗಾಲಿನಲ್ಲಿ. ಯುರೋಪಿನ ನಿಯಮಗಳ ಅರಿವಾಗಲಿ, ಕ್ರಮಬದ್ಧ ತರಬೇತಿಯಾಗಲಿ ಅವರಿಗಿರಲಿಲ್ಲ.

ಆದರೂ ಅವರಲ್ಲಿ ಕೆಲವರು ಓಡಿದ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ತೀರ ದೂರವಿರಲಿಲ್ಲ ಎಂಬುದನ್ನು ಟಾಟಾ ಗಮನಿಸಿದರು. ಮುಂಬೈ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಬೆಂಬಲ ಪಡೆದು ಭಾರತಕ್ಕೆ ಒಲಿಂಪಿಕ್ ಪ್ರವೇಶ ದೊರಕಿಸಿದರು. ಜಿಮ್ಖಾನಾದ ಪದಾಧಿಕಾರಿಗಳಿಗೆ ಒಲಿಂಪಿಕ್ ಅರ್ಹತೆಯ ಮಟ್ಟ ಏನೆಂಬ ಕಲ್ಪನೆಯೇ ಇರಲಿಲ್ಲ. ನೂರು ಮೀಟರ್ ಓಟಕ್ಕೆ ಒಂದೆರಡು ನಿಮಿಷ ಸಾಕಾದೀತು ಎಂದು ಅವರಲ್ಲೊಬ್ಬರು ಊಹಿಸಿದ್ದರೆಂಬ, ಅದು ನಿಮಿಷಗಳ ಮಾತಲ್ಲ, ಸೆಕೆಂಡ್‌ಗಳ ಮಾತು ಎಂದು ತಿಳಿಸಬೇಕಾಯಿತೆಂಬ ಪ್ರಸಂಗ ಕ್ರೀಡಾ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

1920ರಲ್ಲಿ ಆಯ್ಕೆಯಾದ ತಂಡದಲ್ಲಿ ಇದ್ದವರು ನಾಲ್ವರು ಓಟಗಾರರು ಮತ್ತು ಇಬ್ಬರು ಕುಸ್ತಿಪಟುಗಳು. ಬಂಗಾಳದ ಪೂರ್ಮ ಬ್ಯಾನರ್ಜಿ, ಬೆಳಗಾವಿಯ ಚೌಗುಲೆ, ಸಾತಾರದ ಸದಾಶಿವ ದಾತಾರ, ಹುಬ್ಬಳ್ಳಿಯ ಎಚ್.ಡಿ. ಕೈಕಾಡಿ ಓಟಗಾರರು. ಕುಮಾರ ನವಲೆ ಮತ್ತು ಕೊಲ್ಹಾಪುರದ ರಣಧೀರ ಶಿಂದೆ ಕುಸ್ತಿಪಟುಗಳು. ಆರು ಜನರಲ್ಲಿ ಇಬ್ಬರು ಇಂದಿನ ಉತ್ತರ ಕರ್ನಾಟಕದವರು ಎಂಬುದು ಗಮನಾರ್ಹ. ಸೊಹ್ರಾಬ್ ಭೂತ್ ಮತ್ತು ಎ.ಎಚ್.ಎ. ಫೈಜಿ ವ್ಯವಸ್ಥಾಪಕರಾಗಿ ಜೊತೆಗಿದ್ದರು. ವೆಚ್ಚದ ದೊಡ್ಡ ಪಾಲನ್ನು ಟಾಟಾ ತಮ್ಮ ಕೈಯಿಂದಲೇ ಭರಿಸಿದರು. ತಂಡ ಹಡಗಿನಲ್ಲಿ ಇಂಗ್ಲೆಂಡ್ ತಲುಪಿ, ಲಂಡನ್‌ನಲ್ಲಿ ಕೆಲವು ವಾರ ತರಬೇತಿ ಪಡೆದು, ಅಲ್ಲಿಂದ ಬೆಲ್ಜಿಯಂಗೆ ತೆರಳಿತು.

ಮಳೆಯಲ್ಲಿ 42.75 ಕಿಲೋಮೀಟರ್

ಮೊದಲ ಮಹಾಯುದ್ಧದ ಗಾಯ ಇನ್ನೂ ಮಾಯದ ನಗರ ಆಂಟ್‌ವರ್ಪ್. ಐದು ಉಂಗುರಗಳ ಒಲಿಂಪಿಕ್ ಧ್ವಜ ಕ್ರೀಡಾಕೂಟವೊಂದರಲ್ಲಿ ಮೊದಲ ಬಾರಿಗೆ ಹಾರಿದ್ದು, ಕ್ರೀಡಾಪಟುಗಳು ಪ್ರಮಾಣವಚನ ಸ್ವೀಕರಿಸುವ ಪದ್ಧತಿ ಆರಂಭವಾದದ್ದು ಅಲ್ಲಿಯೇ. 10,000 ಮೀಟರ್ ಓಟದಲ್ಲೂ ಕಣಕ್ಕಿಳಿದ ಚೌಗುಲೆ ಅಂತಿಮ ಸುತ್ತು ಪ್ರವೇಶಿಸಲಿಲ್ಲ. ಅವರ ನಿಜವಾದ ಪರೀಕ್ಷೆ ಆಗಸ್ಟ್ 22ರಂದು ನಡೆದ ಮ್ಯಾರಥಾನ್.

ಇಂದು ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್. ಈ ಅಳತೆ ಅಂತಾರಾಷ್ಟ್ರೀಯವಾಗಿ ನಿಗದಿಯಾದದ್ದು 1921ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ನಡೆದ ಆಂಟ್‌ವರ್ಪ್ ಓಟದ ದೂರ 42.75 ಕಿಲೋಮೀಟರ್. ಒಲಿಂಪಿಕ್ ಇತಿಹಾಸದಲ್ಲಿಯೇ ಅತಿ ಉದ್ದದ ಮ್ಯಾರಥಾನ್ ಅದು. ಈಗಿನ ಅಳತೆಗಿಂತ 555 ಮೀಟರ್ ಹೆಚ್ಚು. ಅಂದಿನದು ತಂಪು ಹವೆ, ಮಳೆ. ಉತ್ತರ ಯುರೋಪಿನವರಿಗೆ ಒಗ್ಗಿದ ಆ ಹವೆ ದಖ್ಖನ್ನಿನ ಬಿಸಿಲಿನಲ್ಲಿ ಬೆಳೆದ ದೇಹಕ್ಕೆ ಹೊಸದು.

ಓಟ ಆರಂಭಿಸಿದವರು 48 ಮಂದಿ, ಮುಗಿಸಿದವರು 35. ಉಳಿದ 13 ಮಂದಿ ದಾರಿಯಲ್ಲೇ ನಿಂತರು. ಅವರಲ್ಲಿ ಭಾರತದ ದಾತಾರರೂ ಒಬ್ಬರು. 1912ರಲ್ಲಿ ಮೂರು ಚಿನ್ನ ಗೆದ್ದಿದ್ದ ಫಿನ್ಲೆಂಡ್‌ನ ಹನ್ನೆಸ್ ಕೊಲೆಹ್ಮೈನನ್ 2 ಗಂಟೆ 32 ನಿಮಿಷ 35.8 ಸೆಕೆಂಡ್‌ನಲ್ಲಿ ಮೊದಲಿಗರಾದರು. ಕೇವಲ 12.8 ಸೆಕೆಂಡ್ ಹಿಂದೆ ಎಸ್ಟೋನಿಯಾದ ಯೂರಿ ಲೋಸ್ಮನ್ ಬಂದರು. ಮೂರನೆಯವರಾದ ಇಟಲಿಯ ವಲೇರಿಯೊ ಅರ್ರಿ ಗುರಿ ಮುಟ್ಟಿದ ಸಂತಸದಲ್ಲಿ ಮೈದಾನದಲ್ಲೇ ಲಾಗ ಹಾಕಿದರು. ಕೊಲೆಹ್ಮೈನನ್ ಅವರಿಗಿಂತ 18 ನಿಮಿಷ 9.6 ಸೆಕೆಂಡ್ ತಡವಾಗಿ ಚೌಗುಲೆ ಗುರಿ ತಲುಪಿದರು. ಅವರ ಹಿಂದೆ ಇನ್ನೂ 16 ಮಂದಿ ಬರಬೇಕಿತ್ತು.

ಅದೇ ಕೂಟದಲ್ಲಿ ಶಿಂದೆ ಕುಸ್ತಿಯಲ್ಲಿ ನಾಲ್ಕನೇ ಸ್ಥಾನ ಪಡೆದರು. ಮೊದಲ ಯತ್ನದಲ್ಲೇ ಒಬ್ಬ ನಾಲ್ಕನೆಯವ, ಮತ್ತೊಬ್ಬ ಹತ್ತೊಂಬತ್ತನೆಯವ. ಹೊಲದಿಂದ ಎದ್ದು ಬಂದ ಮಕ್ಕಳ ಬಗ್ಗೆ ಟಾಟಾ ಇಟ್ಟ ನಂಬಿಕೆ ಹುಸಿಯಾಗಲಿಲ್ಲ.

ಅಂಕಿಗಳ ಸಾಕ್ಷ್ಯ

ಚೌಗುಲೆ ಅವರ ಸಮಯವನ್ನು ದೂರಕ್ಕೆ ಭಾಗಿಸಿದರೆ ಪ್ರತಿ ಕಿಲೋಮೀಟರ್‌ಗೆ 4 ನಿಮಿಷಕ್ಕಿಂತಲೂ ತುಸು ಕಡಿಮೆ. ಅದೇ ವೇಗದಲ್ಲಿ ಇಂದಿನ ಅಳತೆಯ ಮ್ಯಾರಥಾನ್ ಓಡಿದ್ದರೆ ಸುಮಾರು 2 ಗಂಟೆ 48 ನಿಮಿಷ 32 ಸೆಕೆಂಡ್ ಸಾಕಾಗುತ್ತಿತ್ತು. ಅವರ ನಂತರ ಒಲಿಂಪಿಕ್ ಮ್ಯಾರಥಾನ್ ಓಡಿದ ಪ್ರಮುಖ ಭಾರತೀಯರ ಸಾಧನೆ ಹೀಗಿದೆ:

1924, ಪ್ಯಾರಿಸ್: ಮಹಾದೇವ ಸಿಂಗ್, 29ನೇ ಸ್ಥಾನ, 3 ಗಂಟೆ 37 ನಿಮಿಷ 36 ಸೆಕೆಂಡ್.

1936, ಬರ್ಲಿನ್: ಸಿ.ಎಸ್.ಎ. ಸ್ವಾಮಿ, 37ನೇ ಸ್ಥಾನ, 3 ಗಂಟೆ 10 ನಿಮಿಷ 44 ಸೆಕೆಂಡ್.

1948, ಲಂಡನ್: ಛೋಟಾ ಸಿಂಗ್, ಓಟ ಪೂರ್ಣಗೊಳಿಸಲಿಲ್ಲ.

1952, ಹೆಲ್ಸಿಂಕಿ: ಸೂರತ್ ಸಿಂಗ್ ಮಾಥುರ್, 52ನೇ ಸ್ಥಾನ, 2 ಗಂಟೆ 58 ನಿಮಿಷ 9.2 ಸೆಕೆಂಡ್.

1960, ರೋಮ್: ಲಾಲ್ ಚಂದ್, 40ನೇ ಸ್ಥಾನ, 2 ಗಂಟೆ 32 ನಿಮಿಷ 13 ಸೆಕೆಂಡ್.

1976, ಮಾಂಟ್ರಿಯಲ್: ಶಿವನಾಥ್ ಸಿಂಗ್, 11ನೇ ಸ್ಥಾನ, 2 ಗಂಟೆ 16 ನಿಮಿಷ 22 ಸೆಕೆಂಡ್.

2012, ಲಂಡನ್: ರಾಮ್ ಸಿಂಗ್ ಯಾದವ್, 78ನೇ ಸ್ಥಾನ, 2 ಗಂಟೆ 30 ನಿಮಿಷ 6 ಸೆಕೆಂಡ್.

2016, ರಿಯೊ: ಟಿ. ಗೋಪಿ, 25ನೇ ಸ್ಥಾನ, 2 ಗಂಟೆ 15 ನಿಮಿಷ 25 ಸೆಕೆಂಡ್. ಖೇತಾರಾಮ್, 26ನೇ ಸ್ಥಾನ, 2 ಗಂಟೆ 15 ನಿಮಿಷ 26 ಸೆಕೆಂಡ್.

ಈ ಪಟ್ಟಿಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹೆಚ್ಚು ದೂರ ಓಡಿಯೂ ಚೌಗುಲೆ ದಾಖಲಿಸಿದ ಸಮಯವನ್ನು ನಲವತ್ತು ವರ್ಷ ಯಾವ ಭಾರತೀಯನೂ ಒಲಿಂಪಿಕ್ಸ್‌ನಲ್ಲಿ ಉತ್ತಮಪಡಿಸಲಿಲ್ಲ. ಎರಡನೆಯದಾಗಿ, ಜಗತ್ತಿನ ಉಳಿದ ಓಟಗಾರರಿಗೆ ಹೋಲಿಸಿ ಅಳೆಯುವ ಸ್ಥಾನದ ಲೆಕ್ಕದಲ್ಲಿ ಅವರಿಗಿಂತ ಮುಂದಿರುವವರು ಶಿವನಾಥ್ ಸಿಂಗ್ ಮಾತ್ರ. ನಿಜ, 1920ರಲ್ಲಿ ಸ್ಪರ್ಧಿಗಳ ಸಂಖ್ಯೆ ಕಡಿಮೆ. ಆಫ್ರಿಕಾದ ಪೂರ್ವ ಭಾಗದ ಓಟಗಾರರು ಇನ್ನೂ ಕಣಕ್ಕೆ ಬಂದಿರಲಿಲ್ಲ. ಆದರೆ ಬೂಟು, ಆಹಾರ, ವೈದ್ಯ, ತರಬೇತುದಾರ ಎಂಬ ಯಾವ ಆಸರೆಯೂ ಇಲ್ಲದೆ ಬೆಳೆದ ಓಟಗಾರರ ಕಾಲವೂ ಅದೇ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು.

ಎರಡು ನಿಮಿಷದ ಅಂತರ

ಆಂಟ್‌ವರ್ಪ್ ಫಲಿತಾಂಶದ ಪಟ್ಟಿಯಲ್ಲಿ ಚೌಗುಲೆ ಅವರಿಗಿಂತ ಮೂರು ಸ್ಥಾನ ಮೇಲೆ ಇರುವ ಹೆಸರು ಜಪಾನಿನ ಶಿಜೊ ಕನಕುರಿ ಅವರದು. 16ನೇ ಸ್ಥಾನ, 2 ಗಂಟೆ 48 ನಿಮಿಷ 45.4 ಸೆಕೆಂಡ್. ಇಬ್ಬರ ನಡುವಿನ ಅಂತರ ಸರಿಯಾಗಿ ಎರಡು ನಿಮಿಷ. ಜಪಾನಿನ ಮತ್ತೊಬ್ಬ ಓಟಗಾರ ಜೆನ್ಸಾಕು ಮೋಗಿ 20ನೆಯವರಾಗಿ ಚೌಗುಲೆ ಅವರ ಬೆನ್ನ ಹಿಂದೆಯೇ ಬಂದರು.

1912ರ ಸ್ಟಾಕ್‌ಹೋಮ್ ಮ್ಯಾರಥಾನ್‌ನಲ್ಲಿ ಬಿಸಿಲಿಗೆ ಬಳಲಿ ದಾರಿ ನಡುವೆ ಓಟ ಬಿಟ್ಟಿದ್ದ ಕನಕುರಿ, ತಮ್ಮ ಸೋಲನ್ನು ಇಡೀ ದೇಶದ ಪಾಠವಾಗಿಸಿಕೊಂಡರು. ದೂರದ ಓಟಗಾರರನ್ನು ಬೆಳೆಸಲು ಕಾಲೇಜುಗಳ ನಡುವೆ ಸರದಿ ಓಟವೊಂದನ್ನು ಆರಂಭಿಸುವುದರಲ್ಲಿ ಮುಂದಾಳಾದರು. ಟೋಕಿಯೊದಿಂದ ಹಕೋನೆಗೆ ಹೋಗಿ ಮರಳುವ ಆ ಎಕಿಡೆನ್ ಓಟ ಮೊದಲು ನಡೆದದ್ದು 1920ರ ಫೆಬ್ರುವರಿಯಲ್ಲಿ, ಆಂಟ್‌ವರ್ಪ್ ಕೂಟಕ್ಕೆ ಕೆಲವೇ ತಿಂಗಳ ಮುಂಚೆ. ಅಂದು ಸ್ಪರ್ಧಿಸಿದ್ದು ನಾಲ್ಕು ಕಾಲೇಜುಗಳು. 2024ರ ಜನವರಿಯಲ್ಲಿ ಅದರ ನೂರನೇ ಆವೃತ್ತಿ ನಡೆಯಿತು. ಹೊಸ ವರ್ಷದ ರಜೆಯಲ್ಲಿ ಜಪಾನಿನ ಮನೆಮನೆಗಳಲ್ಲಿ ದೂರದರ್ಶನದ ಮುಂದೆ ಕುಳಿತು ನೋಡುವ ಹಬ್ಬ ಅದೀಗ. ಅತ್ಯುತ್ತಮ ಓಟಗಾರನಿಗೆ ನೀಡುವ ಪ್ರಶಸ್ತಿಗೆ ಕನಕುರಿ ಅವರದೇ ಹೆಸರು. ಜಪಾನ್ 1964, 1968 ಮತ್ತು 1992ರ ಒಲಿಂಪಿಕ್ ಪುರುಷರ ಮ್ಯಾರಥಾನ್‌ನಲ್ಲಿ ಪದಕ ಗಳಿಸಿತು; 2000 ಮತ್ತು 2004ರಲ್ಲಿ ಮಹಿಳೆಯರು ಚಿನ್ನ ತಂದರು.

ರಸ್ತೆಯ ಮೇಲೆ ಎರಡೇ ನಿಮಿಷವಿದ್ದ ಅಂತರ ಮುಂದೆ ಒಂದು ಶತಮಾನದಷ್ಟು ಹಿಗ್ಗಿತು. ಇದಕ್ಕೆ ಕಾರಣ ಕಾಲಿನ ಬಲದಲ್ಲಿ ಇರಲಿಲ್ಲ. ಅಲ್ಲಿ ಒಬ್ಬನ ಅನುಭವ ಕಾಲೇಜುಗಳ ಪರಂಪರೆಯಾಗಿ, ವರ್ಷದಿಂದ ವರ್ಷಕ್ಕೆ ಬರೆದಿಟ್ಟ ಅಂಕಿಗಳಾಗಿ ಮುಂದುವರಿಯಿತು. ಇಲ್ಲಿ ಒಬ್ಬನ ಸಾಧನೆ ಅವನೊಂದಿಗೇ ನಿಂತಿತು. ಟಾಟಾ 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಅಧ್ಯಕ್ಷರಾದರು. 1928ರಿಂದ ಹಾಕಿ ಚಿನ್ನ ತರತೊಡಗಿತು. ದೇಶದ ಕಣ್ಣು ಅತ್ತ ಹೊರಳಿತು. ಹೊಲದ ಹಾದಿಯಲ್ಲಿ ಓಡುತ್ತಿದ್ದವರನ್ನು ಹುಡುಕಿ ಹೋಗುವವರು ವಿರಳರಾದರು.

ಎರಡು ರಾಜ್ಯಗಳ ನಡುವೆ

ಚೌಗುಲೆ 1952ರಲ್ಲಿ ನಿಧನರಾದರು. ಮಹಾರಾಷ್ಟ್ರದ ಕಾಶಾಬಾ ಜಾಧವ್ ಹೆಲ್ಸಿಂಕಿಯಲ್ಲಿ ಕುಸ್ತಿಯ ಕಂಚು ಗೆದ್ದದ್ದು ಅದೇ ವರ್ಷ. ನಾಲ್ಕು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಓಡಿದ್ದು ಮುಂಬೈ ಪ್ರಾಂತ್ಯದವರಾಗಿ, ಆಯ್ಕೆಯಾದದ್ದು ಪುಣೆಯಲ್ಲಿ, ಊರು ಸೇರಿದ್ದು ಕರ್ನಾಟಕಕ್ಕೆ. ರಾಜ್ಯದ ಕ್ರೀಡಾ ಇತಿಹಾಸ ಹೇಳುವಾಗ ಮಾತು ಬೆಂಗಳೂರು, ಮೈಸೂರು, ಕೊಡಗಿನಿಂದ ಆರಂಭವಾಗುವುದೇ ವಾಡಿಕೆ. ಅಲ್ಲಿಯ ಅನೇಕ ಹೆಸರುಗಳಿಗಿಂತ ದಶಕಗಳ ಮೊದಲೇ ಒಲಿಂಪಿಕ್ ರಸ್ತೆಯಲ್ಲಿ ಓಡಿದ ಬೆಳಗಾವಿಯವರ ಹೆಸರು ಆ ಸಾಲಿನ ಮೊದಲಲ್ಲಿ ನಿಲ್ಲಬೇಕಾದದ್ದು.

ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಲ್ಲಿ ನಸುಕಿನಲ್ಲಿ ಓಡುವ ಯುವಕರು ಕಾಣಸಿಗುತ್ತಾರೆ. ಹೆಚ್ಚಿನವರ ಗುರಿ ಸೇನೆ ಅಥವಾ ಪೊಲೀಸ್ ನೇಮಕಾತಿ. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷ ಅಭ್ಯರ್ಥಿ 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡ್‌ನೊಳಗೆ ಓಡಬೇಕು. ತಿಂಗಳುಗಟ್ಟಲೆ ಬೆವರು ಹರಿಸಿ ಮುಟ್ಟುವ ವೇಗ ಅದು. ಫಡೆಪ್ಪ ಚೌಗುಲೆ ಅದಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಅಂಥ 26 ಓಟಗಳನ್ನು ಮೀರಿದಷ್ಟು ದೂರವನ್ನು, ಪರದೇಶದ ಮಳೆಯಲ್ಲಿ, ಒಂದೇ ಉಸಿರಿಗೆ ಎಂಬಂತೆ ಓಡಿ ಮುಗಿಸಿದ್ದರು. ಕೈಯಲ್ಲಿ ಗಡಿಯಾರ ಹಿಡಿದು ಓಡುವ ಈ ಯುವಕರಿಗೆ ಆ ಲೆಕ್ಕದ ಅರ್ಥ ಬೇರೆ ಯಾರಿಗಿಂತಲೂ ಬೇಗ ತಿಳಿಯುತ್ತದೆ.