ವಿನ್ಸೆಂಟ್ಸ್ ಚೆರ್ನಿ

ವಿನ್ಸೆಂಟ್ಸ್ ಚೆರ್ನಿ (ನವೆಂಬರ್ 19, 1842 – ಅಕ್ಟೋಬರ್ 3, 1916) ಬೊಹೀಮಿಯಾದಲ್ಲಿ ಜನಿಸಿ ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ನೆಲೆಸಿದ ಪ್ರಸಿದ್ಧ ಶಸ್ತ್ರವೈದ್ಯರು. ಕರುಳು, ಮೂತ್ರಪಿಂಡ ಹಾಗೂ ಗರ್ಭಕೋಶಗಳ ಶಸ್ತ್ರಚಿಕಿತ್ಸೆಯಲ್ಲಿ ಹೊಸ ವಿಧಾನಗಳನ್ನು ರೂಪಿಸಿದ ಇವರು, ಕ್ಯಾನ್ಸರ್ ಸಂಶೋಧನೆಗೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಆದರೆ ಇಂದಿನ ಸಾಮಾನ್ಯ ಓದುಗರಿಗೆ ಇವರ ಹೆಸರು ಹೆಚ್ಚಾಗಿ ಎದುರಾಗುವುದು ಸ್ತನದ ಇಂಪ್ಲಾಂಟ್‌ಗಳ ಇತಿಹಾಸದಲ್ಲಿ. ತೆಗೆದುಹಾಕಿದ ಸ್ತನಗ್ರಂಥಿಯ ಸ್ಥಳವನ್ನು ಬೇರೊಂದು ವಸ್ತುವಿನಿಂದ ತುಂಬಿ ಮೊದಲಿನ ಆಕಾರವನ್ನು ಮರಳಿ ನೀಡುವ ಪ್ರಯತ್ನಗಳಲ್ಲಿ, 1895ರಲ್ಲಿ ಇವರು ವರದಿ ಮಾಡಿದ ಶಸ್ತ್ರಚಿಕಿತ್ಸೆಯನ್ನು ಮೊದಲನೆಯದೆಂದು ಪರಿಗಣಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಚೆರ್ನಿಯವರು ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಟ್ರಾಟೆನೌ ಪಟ್ಟಣದಲ್ಲಿ ಜನಿಸಿದರು. ಆ ಪಟ್ಟಣವು ಈಗ ಜೆಕ್ ಗಣರಾಜ್ಯದಲ್ಲಿದ್ದು ಟ್ರುಟ್ನೋವ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ತಂದೆ ಔಷಧ ವ್ಯಾಪಾರಿ. ಪ್ರಾಗ್‌ನಲ್ಲಿ ವ್ಯಾಸಂಗವನ್ನು ಆರಂಭಿಸಿ, ವಿಯೆನ್ನಾದಲ್ಲಿ ಮುಂದುವರಿಸಿ, 1866ರಲ್ಲಿ ವೈದ್ಯಕೀಯ ಪದವಿಯನ್ನು ಪಡೆದರು. ಅನಂತರ ಪ್ರಖ್ಯಾತ ಶಸ್ತ್ರವೈದ್ಯ ಥಿಯೋಡೋರ್ ಬಿಲ್ರೋತ್ ಅವರ ಸಹಾಯಕರಾದರು.

ಬಿಲ್ರೋತ್ ಅವರ ಶಿಷ್ಯವರ್ಗದಲ್ಲಿ ಪ್ರಯೋಗಕ್ಕೆ ವಿಶೇಷ ಮನ್ನಣೆಯಿತ್ತು. ಚೆರ್ನಿಯವರು 1870ರಲ್ಲಿ ನಾಯಿಗಳ ಧ್ವನಿಪೆಟ್ಟಿಗೆಯನ್ನು ಸಂಪೂರ್ಣವಾಗಿ ತೆಗೆದು, ಆ ಬಳಿಕವೂ ಪ್ರಾಣಿ ಬದುಕಬಲ್ಲದೆಂದು ತೋರಿಸಿದರು. ಬಿಲ್ರೋತ್ ಅವರು 1873ರಲ್ಲಿ ಕ್ಯಾನ್ಸರ್ ರೋಗಿಯೊಬ್ಬರಿಗೆ ಅದೇ ಶಸ್ತ್ರಚಿಕಿತ್ಸೆಯನ್ನು ನಡೆಸಲು ಈ ಪ್ರಯೋಗಗಳೇ ಆಧಾರವಾದವು.

ವೃತ್ತಿಜೀವನ

1871ರಲ್ಲಿ ಚೆರ್ನಿಯವರು ಫ್ರೈಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷವೂ ತುಂಬಿರಲಿಲ್ಲವೆಂದರೆ ಅವರ ಮೇಲೆ ಗುರುಗಳು ಇರಿಸಿದ್ದ ಭರವಸೆಯನ್ನು ಊಹಿಸಬಹುದು. ಹೆಸರಾಂತ ವೈದ್ಯ ಅಡಾಲ್ಫ್ ಕುಸ್‌ಮಾಲ್ ಅವರ ಪುತ್ರಿ ಲೂಯಿಸ್ ಅವರನ್ನು ವಿವಾಹವಾದರು. 1877ರಲ್ಲಿ ಗುಸ್ಟಾವ್ ಸೈಮನ್ ಅವರ ಉತ್ತರಾಧಿಕಾರಿಯಾಗಿ ಹೈಡೆಲ್‌ಬರ್ಗ್‌ಗೆ ಬಂದು, ಜೀವನದ ಉಳಿದ ಭಾಗವನ್ನು ಅಲ್ಲಿಯೇ ಕಳೆದರು. 1878ರಲ್ಲಿ ಯೋನಿಮಾರ್ಗದ ಮೂಲಕ ಗರ್ಭಕೋಶವನ್ನು ತೆಗೆಯುವ ವಿಧಾನವನ್ನು ವ್ಯವಸ್ಥಿತಗೊಳಿಸಿದರು. 1887ರಲ್ಲಿ, ಗೆಡ್ಡೆ ಬೆಳೆದಿದ್ದ ಮೂತ್ರಪಿಂಡವನ್ನು ಪೂರ್ತಿ ತೆಗೆಯದೆ, ರೋಗಗ್ರಸ್ತ ಭಾಗವನ್ನು ಮಾತ್ರ ಕತ್ತರಿಸಿ ಉಳಿದುದನ್ನು ಕಾಪಾಡಿದರು. ರೋಗವನ್ನು ನೀಗಿಸುವಾಗ ದೇಹದಲ್ಲಿ ಉಳಿಸಬಹುದಾದುದನ್ನು ಉಳಿಸಬೇಕೆಂಬ ಕಾಳಜಿ ಇಲ್ಲಿ ಎದ್ದು ಕಾಣುತ್ತದೆ.

1895ರ ಶಸ್ತ್ರಚಿಕಿತ್ಸೆ

ಆ ಕಾಲದಲ್ಲಿ ಸ್ತನದ ಶಸ್ತ್ರಚಿಕಿತ್ಸೆಯೆಂದರೆ ತೆಗೆದುಹಾಕುವುದು ಮಾತ್ರ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅವರು ಕ್ಯಾನ್ಸರ್ ತಗುಲಿದ ಸ್ತನವನ್ನು ಎದೆಯ ಸ್ನಾಯುಗಳ ಸಮೇತ ತೆಗೆಯುವ ವಿಧಾನವನ್ನು ಪ್ರಚುರಪಡಿಸಿದ್ದರು. ಪ್ರಾಣ ಉಳಿದರೆ ಸಾಕು ಎಂಬ ಸ್ಥಿತಿಯಲ್ಲಿ ಆಕಾರದ ವಿಚಾರವನ್ನು ಎತ್ತುವವರಿರಲಿಲ್ಲ.

ಚೆರ್ನಿಯವರ ಬಳಿಗೆ ಬಂದ 41 ವರ್ಷದ ಗಾಯಕಿಯ ಸ್ಥಿತಿ ಇದಕ್ಕಿಂತ ಭಿನ್ನವಾಗಿತ್ತು. ಆಕೆಯ ಸ್ತನದಲ್ಲಿದ್ದುದು ಕ್ಯಾನ್ಸರ್ ಅಲ್ಲ, ನಿರಪಾಯಕಾರಿ ಗೆಡ್ಡೆ ಮತ್ತು ದೀರ್ಘಕಾಲದ ಉರಿಯೂತ. ಗ್ರಂಥಿಯನ್ನು ತೆಗೆಯುವುದು ಅನಿವಾರ್ಯವಾಗಿತ್ತು. ಆದರೆ ರಂಗದ ಮೇಲೆ ನಿಂತು ಹಾಡುವ ಆಕೆಗೆ ಎದೆಯ ಒಂದು ಪಾರ್ಶ್ವ ಬರಿದಾಗುವುದೆಂದರೆ ಜೀವನೋಪಾಯಕ್ಕೇ ಒದಗುವ ಕಂಟಕ. ಆಕೆಯ ಸೊಂಟದ ಭಾಗದಲ್ಲಿ ಮುಷ್ಟಿಗಾತ್ರದ ಕೊಬ್ಬಿನ ಗೆಡ್ಡೆಯೊಂದಿತ್ತು. ವೈದ್ಯರು ಲೈಪೋಮಾ ಎಂದು ಕರೆಯುವ ಇಂಥ ಗೆಡ್ಡೆಗಳು ಅಪಾಯಕಾರಿಯಲ್ಲ. ಚೆರ್ನಿಯವರು ಸ್ತನದ ಚರ್ಮವನ್ನೂ ತೊಟ್ಟನ್ನೂ ಉಳಿಸಿಕೊಂಡು, ಒಳಗಿನ ಗ್ರಂಥಿಯನ್ನು ತೆಗೆದು, ಆ ಸ್ಥಳದಲ್ಲಿ ಈ ಕೊಬ್ಬಿನ ಗೆಡ್ಡೆಯನ್ನು ಇರಿಸಿ ಹೊಲಿದರು. ಫಲಿತಾಂಶ ತೃಪ್ತಿಕರವಾಗಿತ್ತೆಂದು ವರದಿ ಮಾಡಿದರು.

ಈ ಆಯ್ಕೆಯ ಮಹತ್ವವನ್ನು ತಿಳಿಯಲು ಆಗ ಲಭ್ಯವಿದ್ದ ಇತರ ಮಾರ್ಗಗಳನ್ನು ಗಮನಿಸಬೇಕು. ಜರ್ಮನ್ ವೈದ್ಯರಿಗೆ ದೇಹದ ಒಂದು ಭಾಗದಿಂದ ಮತ್ತೊಂದು ಭಾಗವನ್ನು ಕಟ್ಟುವ ವಿದ್ಯೆ ಹೊಸತಾಗಿರಲಿಲ್ಲ. ಅದರ ಒಂದು ಎಳೆ ಕನ್ನಡನಾಡಿನ ಚರಿತ್ರೆಯನ್ನೂ ತಾಕುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್‌ಜಿ ಎಂಬಾತನು ಟಿಪ್ಪು ಸುಲ್ತಾನನ ಸೈನಿಕರಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯಲ್ಲಿ ದೇಶೀಯ ಚಿಕಿತ್ಸಕನೊಬ್ಬನು ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗನ್ನು ರೂಪಿಸಿದನು. ಸುಶ್ರುತ ಸಂಹಿತೆಯಲ್ಲಿಯೂ ಚರ್ಮವನ್ನು ಎಳೆದು ಮೂಗನ್ನು ಕಟ್ಟುವ ಕ್ರಮದ ವಿವರಣೆಯಿದೆ. ಪುಣೆಯ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತ ಪ್ರಕಟವಾಯಿತು. ಅದನ್ನು ಅನುಸರಿಸಿ 1814ರಲ್ಲಿ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲಿ ಮೂಗಿನ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. ಮುಂದೆ ಬರ್ಲಿನ್ನಿನ ಕಾರ್ಲ್ ಫಾನ್ ಗ್ರೇಫೆ 1818ರ ತಮ್ಮ ಗ್ರಂಥದಲ್ಲಿ ಭಾರತೀಯ ಪದ್ಧತಿಯನ್ನು ಚರ್ಚಿಸಿದರು.

ಹಣೆಯ ಚರ್ಮವು ಬದುಕಿ ಉಳಿಯುವುದಕ್ಕೆ ಕಾರಣವಿದೆ. ಅದನ್ನು ಪೂರ್ತಿ ಕತ್ತರಿಸದೆ ಒಂದು ತುದಿಯನ್ನು ಮೂಲಸ್ಥಾನಕ್ಕೆ ಅಂಟಿಸಿಯೇ ಇಡಲಾಗುತ್ತದೆ. ಆ ತುದಿಯಿಂದ ರಕ್ತ ಹರಿಯುತ್ತಿರುತ್ತದೆ. ಬಿಡಿಯಾಗಿ ಕತ್ತರಿಸಿ ತಂದ ಕೊಬ್ಬಿಗೆ ಈ ಅನುಕೂಲವಿಲ್ಲ. ಕೀಲ್ ನಗರದ ಗುಸ್ಟಾವ್ ನಾಯ್‌ಬರ್ 1893ರಲ್ಲಿ ತೋಳಿನ ಕೊಬ್ಬಿನ ತುಣುಕುಗಳಿಂದ ಮುಖದ ಗುಳಿಬಿದ್ದ ಕಲೆಗಳನ್ನು ತುಂಬಿದ್ದರು. ಸಣ್ಣ ತುಣುಕುಗಳು ಉಳಿಯುತ್ತವೆ, ದೊಡ್ಡವು ನಿಲ್ಲುವುದಿಲ್ಲ ಎಂಬುದು ಅವರ ಅನುಭವ. ಚೆರ್ನಿಯವರು ಬಳಸಿದುದು ಸಡಿಲವಾದ ಕೊಬ್ಬಲ್ಲ, ತೆಳುವಾದ ಪೊರೆಯೊಳಗೆ ಒಟ್ಟಾಗಿ ನಿಂತ ಗೆಡ್ಡೆ. ಅದಕ್ಕೆ ತನ್ನದೇ ಆಕಾರವಿತ್ತು, ಮೃದುತ್ವವಿತ್ತು, ರೋಗಿಯ ದೇಹಕ್ಕೆ ಅದು ಪರಕೀಯವೂ ಆಗಿರಲಿಲ್ಲ. ಆದರೆ ಇದು ಎಲ್ಲರಿಗೂ ಒದಗುವ ಮಾರ್ಗವಲ್ಲ. ತಕ್ಕ ಗಾತ್ರದ ಲೈಪೋಮಾ ತಕ್ಕ ಸಮಯಕ್ಕೆ ದೊರೆತುದು ಕೇವಲ ಆ ಗಾಯಕಿಯ ಅದೃಷ್ಟ.

ಗೆರ್ಸುನಿಯವರ ಮಾರ್ಗ

ಬಿಲ್ರೋತ್ ಅವರ ಮತ್ತೊಬ್ಬ ಶಿಷ್ಯ ರಾಬರ್ಟ್ ಗೆರ್ಸುನಿ ಈ ಕೊರತೆಗೆ ಬೇರೆ ಉತ್ತರವನ್ನು ಹುಡುಕಿದರು. ಇವರೂ ಬೊಹೀಮಿಯಾದವರೇ. 1899ರಲ್ಲಿ ಕ್ಷಯದಿಂದಾಗಿ ವೃಷಣಗಳನ್ನು ಕಳೆದುಕೊಂಡಿದ್ದ ಯುವಕನೊಬ್ಬನಿಗೆ ಅವರು ಕರಗಿಸಿದ ಪ್ಯಾರಾಫಿನ್ ವರ್ಗದ ವಸ್ತುವನ್ನು ಸೂಜಿಯ ಮೂಲಕ ಚುಚ್ಚಿ ಆಕಾರ ನೀಡಿದರು. ಅಗ್ಗದ ವಸ್ತು, ಕತ್ತಿಯ ಅಗತ್ಯವಿಲ್ಲ, ಎಷ್ಟು ಬೇಕಾದರೂ ದೊರೆಯುತ್ತದೆ. ಕೆಲವೇ ವರ್ಷಗಳಲ್ಲಿ ಮೂಗು, ಕೆನ್ನೆ, ಸ್ತನಗಳಿಗೆಲ್ಲ ಪ್ಯಾರಾಫಿನ್ ಚುಚ್ಚುವುದು ಯುರೋಪಿನಾದ್ಯಂತ ಹರಡಿತು.

ಪರಿಣಾಮ ತಡವಾಗಿ ಗೋಚರಿಸಿತು. ಪ್ಯಾರಾಫಿನ್ ಇಟ್ಟಲ್ಲಿ ಇರಲಿಲ್ಲ. ಚರ್ಮದಡಿ ಹರಿದು ಗಟ್ಟಿ ಗಂಟುಗಳಾಯಿತು, ಹುಣ್ಣಾಯಿತು. ಕೆಲವರಲ್ಲಿ ರಕ್ತನಾಳ ಸೇರಿ ಕುರುಡುತನವನ್ನೂ ಶ್ವಾಸಕೋಶದ ತೊಂದರೆಯನ್ನೂ ತಂದಿತು. ಅನೇಕ ಮಹಿಳೆಯರ ಸ್ತನಗಳನ್ನೇ ತೆಗೆಯಬೇಕಾಯಿತು. ಸುಮಾರು 1920ರ ವೇಳೆಗೆ ಪಾಶ್ಚಾತ್ಯ ವೈದ್ಯರು ಈ ಪದ್ಧತಿಯನ್ನು ಕೈಬಿಟ್ಟರಾದರೂ ಏಷ್ಯಾದ ಕೆಲವೆಡೆ ಅದು ದಶಕಗಳ ಕಾಲ ಮುಂದುವರಿಯಿತು.

ಕ್ಯಾನ್ಸರ್ ಸಂಸ್ಥೆ ಮತ್ತು ಕೊನೆಯ ದಿನಗಳು

ಚೆರ್ನಿಯವರ ಆಸಕ್ತಿ ಕ್ರಮೇಣ ಕ್ಯಾನ್ಸರಿನತ್ತ ಹರಿಯಿತು. ಕತ್ತಿಯಿಂದ ಗುಣಪಡಿಸಲಾಗದ ರೋಗಿಗಳನ್ನು ಹಿಂದಕ್ಕೆ ಕಳುಹಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ದಾನಿಗಳಿಂದ ಹಣ ಸಂಗ್ರಹಿಸಿ, 1906ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಪ್ರಾಯೋಗಿಕ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ತೆರೆದರು. ಅದಕ್ಕೆ ಸೇರಿದಂತೆ ಸಮಾರಿಟರ್‌ಹೌಸ್ ಎಂಬ ಆಸ್ಪತ್ರೆಯಿತ್ತು. ಸಂಶೋಧನೆಯೂ ಶುಶ್ರೂಷೆಯೂ ಒಂದೇ ಕಡೆ ನಡೆಯಬೇಕೆಂಬುದು ಅವರ ಯೋಜನೆ. ಇದಕ್ಕಾಗಿ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ಪೀಠವನ್ನೇ ತ್ಯಜಿಸಿದರು. ಅಲ್ಲಿ ಕ್ಷ-ಕಿರಣ ಮತ್ತು ರೇಡಿಯಂಗಳ ಚಿಕಿತ್ಸೆಗಳನ್ನು ಪರೀಕ್ಷಿಸಲಾಯಿತು. ವಿಕಿರಣದ ಅಪಾಯಗಳು ಆಗಿನ್ನೂ ಪೂರ್ತಿಯಾಗಿ ತಿಳಿದಿರಲಿಲ್ಲ. ಚೆರ್ನಿಯವರು 1916ರಲ್ಲಿ ರಕ್ತದ ಕ್ಯಾನ್ಸರಿನಿಂದ ನಿಧನರಾದರು. ಅದಕ್ಕೆ ಈ ಕಿರಣಗಳೇ ಕಾರಣವಾಗಿರುವ ಸಂಭವ ಹೆಚ್ಚು. ಹೈಡೆಲ್‌ಬರ್ಗ್‌ನ ಒಂದು ರಸ್ತೆಗೂ ಒಂದು ಸೇತುವೆಗೂ ಅವರ ಹೆಸರನ್ನಿಡಲಾಗಿದೆ.

ನಂತರದ ಬೆಳವಣಿಗೆ

ದೇಹದ್ದೇ ಅಂಗಾಂಶವೋ, ಹೊರಗಿನ ವಸ್ತುವೋ ಎಂಬ ಪ್ರಶ್ನೆ ಚೆರ್ನಿಯವರ ಬಳಿಕವೂ ಮುಂದುವರಿಯಿತು. 1950ರ ದಶಕದಲ್ಲಿ ಬಳಸಿದ ಪ್ಲಾಸ್ಟಿಕ್ ಸ್ಪಂಜುಗಳು ದೇಹದೊಳಗೆ ಕುಗ್ಗಿ ಗಟ್ಟಿಯಾದವು. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಅವರು ಸಿಲಿಕೋನ್ ಜೆಲ್ ತುಂಬಿದ ಚೀಲವನ್ನು ಮೊದಲ ಬಾರಿಗೆ ಅಳವಡಿಸಿದರು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಉಪ್ಪುನೀರು ತುಂಬುವ ಚೀಲ ಬಂದಿತು. ಇಂದು ಇಂಪ್ಲಾಂಟ್ ಆರಿಸುವವರ ಮುಂದಿರುವ ಮುಖ್ಯ ಬಗೆಗಳು ಇವೆರಡೇ. ಎರಡರ ಹೊರಕವಚವೂ ಸಿಲಿಕೋನಿನದೇ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಉಪ್ಪುನೀರಿನ ಚೀಲ ಒಡೆದರೆ ಸ್ತನ ಕುಗ್ಗಿ ಕೂಡಲೇ ಗೊತ್ತಾಗುತ್ತದೆ, ನೀರು ದೇಹದಲ್ಲಿ ಹೀರಿಹೋಗುತ್ತದೆ. ಜೆಲ್ ಸ್ಪರ್ಶಕ್ಕೆ ಸಹಜವೆನಿಸಿದರೂ ಸೋರಿಕೆ ಹೊರಗೆ ಕಾಣದೆ ಉಳಿಯಬಹುದು. ಅದನ್ನು ಪತ್ತೆಮಾಡಲು ಸ್ಕ್ಯಾನಿಂಗ್ ಬೇಕು. ಯಾವುದೂ ಜೀವಮಾನವಿಡೀ ಬಾಳುವಂಥದಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1992ರಲ್ಲಿ ಸೌಂದರ್ಯವರ್ಧನೆಗಾಗಿ ಜೆಲ್ ಇಂಪ್ಲಾಂಟ್‌ಗಳ ಬಳಕೆಯನ್ನು ತಡೆಹಿಡಿದು, ಅಧ್ಯಯನಗಳ ಬಳಿಕ 2006ರಲ್ಲಿ 22 ವರ್ಷ ತುಂಬಿದವರಿಗೆ ಅನುಮತಿ ನೀಡಿತು. 2019ರಲ್ಲಿ, ಅಪರೂಪದ ಒಂದು ದುಗ್ಧರಸ ಕ್ಯಾನ್ಸರಿನೊಂದಿಗೆ ಸಂಬಂಧ ಕಂಡುಬಂದ ಕಾರಣ, ಒರಟು ಮೇಲ್ಮೈಯ ಒಂದು ಬಗೆಯ ಇಂಪ್ಲಾಂಟ್‌ಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು.

ದೇಹದ ಅಂಗಾಂಶವನ್ನೇ ಬಳಸುವ ಮಾರ್ಗವೂ ನಿಂತುಹೋಗಲಿಲ್ಲ. ಇಟಲಿಯ ಇಜಿನಿಯೋ ತಾನ್ಸಿನಿ 1906ರಲ್ಲಿ ಬೆನ್ನಿನ ಸ್ನಾಯುವನ್ನು ರಕ್ತನಾಳದ ಸಮೇತ ಎದೆಗೆ ತಿರುಗಿಸುವ ವಿಧಾನವನ್ನು ವಿವರಿಸಿದರು. 1980ರ ದಶಕದಿಂದ ಹೊಟ್ಟೆಯ ಚರ್ಮ ಮತ್ತು ಕೊಬ್ಬಿನಿಂದ ಸ್ತನವನ್ನು ಪುನಾರಚಿಸುವುದು ರೂಢಿಗೆ ಬಂದಿದೆ. ಸೊಂಟ, ತೊಡೆಗಳಿಂದ ಹೀರಿ ತೆಗೆದ ಕೊಬ್ಬನ್ನು ಸ್ತನಕ್ಕೆ ಚುಚ್ಚುವ ಪದ್ಧತಿಯೂ ಈಗ ಬಳಕೆಯಲ್ಲಿದೆ. ಅದನ್ನು ಒಂದೇ ಮುದ್ದೆಯಾಗಿ ಇರಿಸದೆ, ಪ್ರತಿಯೊಂದು ಹನಿಗೂ ಸುತ್ತಲಿನಿಂದ ರಕ್ತ ಒದಗುವಂತೆ ಸಣ್ಣ ಸಣ್ಣ ಹನಿಗಳಾಗಿ ಹಲವು ಪದರಗಳಲ್ಲಿ ಹರಡಲಾಗುತ್ತದೆ.