ಜೆಟ್ ಬೋಟಿನ ಬಿಲ್ ಹ್ಯಾಮಿಲ್ಟನ್: ಕಲ್ಲನ್ನು ಗೆದ್ದ ಪಂಪಿಗೆ ಹಗ್ಗದ ಕಾಟ

ಬಾವಿಗೆ ಪಂಪ್‌ಸೆಟ್ ಇಳಿಸುವಾಗ ಪೈಪಿನ ತುದಿಗೆ ಫುಟ್‌ವಾಲ್ವ್ ಹಾಕಿ ಅದಕ್ಕೊಂದು ಜಾಲರಿ ಇಡ್ತಾರಲ್ಲ, ನೋಡಿರ್ತೀರಿ. ಜಾಲರಿ ಇಲ್ಲದಿದ್ದರೆ ಕಸಕಡ್ಡಿ ಒಳಗೆ ಹೋಗಿ ಇಂಪೆಲ್ಲರ್‌ಗೆ ಸಿಕ್ಕಿಕೊಳ್ಳುತ್ತೆ. ಅಂಥದೇ ಒಂದು ಪಂಪನ್ನು ದೋಣಿಯ ಹೊಟ್ಟೆಯೊಳಗೆ ಕೂರಿಸಿ, ಮೊಣಕಾಲುದ್ದ ನೀರೂ ಇಲ್ಲದ ಕಡೆ ಪ್ರವಾಹಕ್ಕೆ ಎದುರಾಗಿ ಓಡಿಸಿ ತೋರಿಸಿದವರು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್. ಪೂರ್ತಿ ಹೆಸರು ಚಾರ್ಲ್ಸ್ ವಿಲಿಯಂ ಫೀಲ್ಡನ್ ಹ್ಯಾಮಿಲ್ಟನ್. ಮೆಕ್ಯಾನಿಕಲ್‌ನವರು ಮಾತ್ರ ಅಲ್ಲ, ಎಲ್ಲ ಬ್ರಾಂಚಿನವರೂ ತಿಳಿದುಕೊಳ್ಳಬೇಕಾದ ಬದುಕು ಇವರದು.

ಹ್ಯಾಮಿಲ್ಟನ್ ಹುಟ್ಟಿದ್ದು 1899ರ ಜುಲೈನಲ್ಲಿ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಫೇರ್ಲಿ ಊರಿನ ಹತ್ತಿರ. ಮನೆತನದ ಕಸುಬು ಕುರಿ ಸಾಕಣೆ. 1921ರಲ್ಲಿ, ಇನ್ನೂ ಇಪ್ಪತ್ತೆರಡರ ಆಸುಪಾಸಿನಲ್ಲೇ, ಮೆಕೆಂಜಿ ಸೀಮೆಯಲ್ಲಿ ಐರಿಷ್‌ಮನ್ ಕ್ರೀಕ್ ಅನ್ನೋ ದೊಡ್ಡ ಕುರಿ ಫಾರ್ಮ್ ಕೊಂಡರು. ಸುತ್ತ ಬೋಳು ಬೆಟ್ಟ, ಚಳಿಗಾಲದಲ್ಲಿ ಹಿಮ, ಪೇಟೆ ದೂರ. ಏನಾದರೂ ಕೆಟ್ಟರೆ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿ ಕಾಯುವ ಮಾತೇ ಇರಲಿಲ್ಲ. ತಾನೇ ಬಿಚ್ಚಬೇಕು, ತಾನೇ ಜೋಡಿಸಬೇಕು.

ಇಂಜಿನಿಯರಿಂಗ್ ಡಿಗ್ರಿ ಇಲ್ಲದ ಈ ಮನುಷ್ಯ ಅಲ್ಲೇ ಒಂದು ವರ್ಕ್‌ಶಾಪ್ ಕಟ್ಟಿದರು. ವರ್ಕ್‌ಶಾಪ್‌ಗೆ ಕರೆಂಟ್ ಬೇಕು ಅಂತ ಹಳ್ಳಕ್ಕೆ ಅಣೆ ಕಟ್ಟಿ ಸಣ್ಣ ಜಲವಿದ್ಯುತ್ ಘಟಕ ಮಾಡಿಕೊಂಡರು. ಅಣೆಗೆ ಮಣ್ಣು ಸಾಗಿಸಬೇಕಲ್ಲ, ಅದಕ್ಕೊಂದು ಮಣ್ಣೆತ್ತುವ ಯಂತ್ರವನ್ನೂ ತಾವೇ ತಯಾರಿಸಿದರು. ಒಂದು ಅಗತ್ಯ ಇನ್ನೊಂದು ಯಂತ್ರವನ್ನು ಹುಟ್ಟಿಸುತ್ತಾ ಹೋಯಿತು. ನಡುವೆ ಕಾರ್ ರೇಸಿನ ಹುಚ್ಚೂ ಇತ್ತು. 1930ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ಬೆಂಟ್ಲಿ ಓಡಿಸಿ ಗೆದ್ದು ಬಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ವರ್ಕ್‌ಶಾಪ್ ಯುದ್ಧದ ಸಾಮಗ್ರಿ ತಯಾರಿಸಿತು. ಯುದ್ಧ ಮುಗಿದ ಮೇಲೆ ಕ್ರೈಸ್ಟ್‌ಚರ್ಚ್ ನಗರದಲ್ಲಿ ಕಾರ್ಖಾನೆ ಬೆಳೆಯಿತು.

ಅವರನ್ನು ಕಾಡುತ್ತಿದ್ದ ಪ್ರಶ್ನೆ ಬೇರೆಯೇ ಇತ್ತು. ವೈಟಾಕಿ, ರಕಾಯಾದಂಥ ಅಲ್ಲಿನ ನದಿಗಳು ಬೆಟ್ಟದಿಂದಿಳಿದು ಜಲ್ಲಿಕಲ್ಲಿನ ಹಾಸಿನ ಮೇಲೆ ಹತ್ತಾರು ಕವಲಾಗಿ ಹರಿಯುತ್ತವೆ. ವೇಗ ಜಾಸ್ತಿ, ಆಳ ಕಡಿಮೆ. ಪ್ರೊಪೆಲ್ಲರ್ ಇರುವ ದೋಣಿ ಅಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಕಲ್ಲಿಗೆ ತಾಗಿ ರೆಕ್ಕೆ ಮುರಿದುಕೊಳ್ಳುತ್ತೆ. ದೋಣಿಯ ಕೆಳಗೆ ಏನೂ ಜೋತುಬೀಳದ ಹಾಗೆ ಮಾಡೋದು ಹೇಗೆ?

ನೀರನ್ನು ಪಂಪಿನಿಂದ ಎಳೆದು ಹಿಂದಕ್ಕೆ ಚಿಮ್ಮಿಸುವ ಯೋಚನೆ ಹೊಸದಲ್ಲ. ಅಮೆರಿಕದಲ್ಲಿ ಹ್ಯಾನ್ಲಿ ಹೈಡ್ರೋಜೆಟ್ ಅನ್ನೋ ಸಾಧನ ಆಗಲೇ ಇತ್ತು. ಅದು ನೀರನ್ನು ದೋಣಿಯ ತಳದ ಕೆಳಗೇ ಉಗುಳುತ್ತಿತ್ತು. 1950ರ ದಶಕದ ಆರಂಭದಲ್ಲಿ ಹ್ಯಾಮಿಲ್ಟನ್ ಅದೇ ದಾರಿಯಲ್ಲಿ ಪ್ರಯತ್ನ ಮಾಡಿದರು. ದೋಣಿ ಓಡಿತು, ಆದರೆ ಅಂದುಕೊಂಡ ವೇಗ ಬರಲಿಲ್ಲ. ಆಗ ಅವರ ಕೆಲಸಗಾರರೊಬ್ಬರು ನಳಿಗೆಯನ್ನು ದೋಣಿಯ ಹಿಂಬದಿಗೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲಕ್ಕೆ ತರುವ ಸಲಹೆ ಕೊಟ್ಟರು. ತಳದಲ್ಲಿ ತಡೆ ಒಡ್ಡುತ್ತಿದ್ದ ಭಾಗ ಮಾಯವಾಯಿತು, ವೇಗ ಏರಿತು. ಜೆಟ್ ಬೋಟನ್ನು ಮುಂದೆ ತಳ್ಳೋದು ಹಿಂದಿನ ನೀರನ್ನು ಒದೆಯುವುದರಿಂದ ಅಲ್ಲ, ಚಿಮ್ಮುವ ನೀರು ಪಡೆದ ಸಂವೇಗದ ಪ್ರತಿಕ್ರಿಯೆಯಿಂದ. ಹಾಗಾಗಿ ನೀರು ಗಾಳಿಗೆ ಚಿಮ್ಮಿದರೂ ನಷ್ಟವಿಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವು ಎರಡು ಸಾಲಲ್ಲಿ ಬರೆದು ಮುಗಿಸೋ ಪಾಠ ಇದು. ಒಳ್ಳೆಯ ಸಲಹೆ ಯಾರಿಂದ ಬಂದರೂ ತಗೊಂಡಿದ್ದು ಹ್ಯಾಮಿಲ್ಟನ್ ಅವರ ದೊಡ್ಡತನ. ಜೆಟ್ ತನ್ನ ಆವಿಷ್ಕಾರ ಅಂತ ಅವರು ಹೇಳಿಕೊಳ್ಳಲಿಲ್ಲ, ಆ ಗೌರವವನ್ನು ಆರ್ಕಿಮಿಡೀಸ್‌ಗೆ ಬಿಟ್ಟುಕೊಟ್ಟರು.

ಕಲ್ಲಿನ ಕಾಟ ಹೋಯಿತು. ಆದರೆ ಈಗ ದೋಣಿಯೇ ನೀರು ಹೀರುವ ಬಾಯಿ ತೆರೆದುಕೊಂಡಿತ್ತು! ತಳದ ಆ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿ ಇರುತ್ತೆ. ದೊಡ್ಡ ಕಲ್ಲು, ಮರದ ತುಂಡು ಅಲ್ಲೇ ನಿಲ್ಲುತ್ತವೆ. ಹಗ್ಗ ಮಾತ್ರ ಹಾವಿನ ಹಾಗೆ ಸರಳುಗಳ ಸಂದಿಯಲ್ಲಿ ನುಸುಳಿ ಶಾಫ್ಟಿಗೆ ಸುತ್ತಿಕೊಳ್ಳುತ್ತೆ. ಜಾಲರಿಯನ್ನು ಇನ್ನೂ ಬಿಗಿ ಮಾಡೋಣ ಅಂದ್ರೆ ನೀರಿನ ಹರಿವು ಕಡಿಮೆಯಾಗಿ ತಳ್ಳುವ ಬಲವೇ ಕುಗ್ಗುತ್ತೆ. ಅಂದರೆ ಹಗ್ಗದ ಅಪಾಯವನ್ನು ಪೂರ್ತಿ ತೆಗೆಯಲಾಗದು, ನಿಭಾಯಿಸಬೇಕು ಅಷ್ಟೇ.

ಇದು ಸಣ್ಣ ತೊಂದರೆಯಲ್ಲ. ಜೆಟ್ ಬೋಟಿಗೆ ಚುಕ್ಕಾಣಿ ಇಲ್ಲ. ಚಿಮ್ಮುವ ನೀರನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರೆ ದೋಣಿ ತಿರುಗುತ್ತೆ. ಹಿಂದಕ್ಕೆ ಹೋಗಬೇಕಾದರೆ ನಳಿಗೆಗೆ ಅಡ್ಡಲಾಗಿ ಬಕೆಟ್ ಇಳಿಸಿ ನೀರನ್ನು ಮುಂದಕ್ಕೆ ಹೊರಳಿಸುತ್ತಾರೆ. ಪಂಪ್ ನಿಂತರೆ ವೇಗದ ಜೊತೆಗೆ ತಿರುಗಿಸುವ ಶಕ್ತಿಯೂ ಹೋಯಿತು. ರಭಸದ ನದಿಯಲ್ಲಿ ಇದು ಪ್ರಾಣದ ಪ್ರಶ್ನೆ.

ಇನ್ನೊಂದು ಮೋಸ ಇದೆ. ಎಂಜಿನ್‌ಗೆ ನೇರವಾಗಿ ಪಂಪ್ ಜೋಡಿಸಿರುವ ದೋಣಿಗಳಲ್ಲಿ ನಿಜವಾದ ನ್ಯೂಟ್ರಲ್ ಇಲ್ಲ. ಬಕೆಟ್ ಅರ್ಧ ಇಳಿಸಿದಾಗ ದೋಣಿ ನಿಂತಿರುತ್ತೆ, ಒಳಗೆ ಇಂಪೆಲ್ಲರ್ ತಿರುಗುತ್ತಾ ನೀರು ಹೀರುತ್ತಲೇ ಇರುತ್ತೆ. ದಡಕ್ಕೆ ಬಂದು ಕಟ್ಟುವಾಗ, ಕೆಟ್ಟ ದೋಣಿಯನ್ನು ಎಳೆಯಲು ಹೊರಟಾಗ, ನೀರಿಗೆ ಬಿದ್ದ ಸಡಿಲ ಹಗ್ಗ ಒಳಹೋಗುವುದು ಹೀಗೆ. ಆದ್ದರಿಂದಲೇ ಮೂತಿಗೆ ಕಟ್ಟುವ ಹಗ್ಗ ತಳದ ಬಾಯಿಯವರೆಗೆ ಎಟುಕದಷ್ಟು ಗಿಡ್ಡ ಇರಬೇಕು, ಉಳಿದದ್ದನ್ನು ಸುತ್ತಿ ಒಳಗಿಡಬೇಕು. ಎಳೆಯಲು ತೇಲುವ ಹಗ್ಗ ಬಳಸಿದರೆ ಅದು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ, ಆದರೂ ಅದನ್ನು ಸಡಿಲ ಬಿಡುವ ಹಾಗಿಲ್ಲ.

ಇಷ್ಟಾದರೂ ಹಗ್ಗ ಒಳಗೆ ಹೋಯಿತು ಅನ್ಕೊಳ್ಳಿ. ಎಂಜಿನ್ ಕಿರುಚಿಕೊಂಡು ಆರ್‌ಪಿಎಂ ಏರಿಯೂ ದೋಣಿ ಮುಂದೆ ಹೋಗದಿದ್ದರೆ ಬಾಯಿ ಅರ್ಧ ಮುಚ್ಚಿ ಕ್ಯಾವಿಟೇಶನ್ ಆಗ್ತಿರಬಹುದು. ಆರ್‌ಪಿಎಂ ಕುಸಿದು ಎಂಜಿನ್ ನಿಂತರೆ ಶಾಫ್ಟೇ ಬಿಗಿದಿದೆ ಅಂತ ಲೆಕ್ಕ. ಎರಡರಲ್ಲೂ ಮೊದಲ ಕೆಲಸ ಒಂದೇ: ಎಂಜಿನ್ ಆಫ್ ಮಾಡಿ ಕೀ ತೆಗೆದು ಜೇಬಿಗೆ ಹಾಕಿಕೊಳ್ಳೋದು. ಇನ್ನೊಂಚೂರು ಆಕ್ಸಿಲರೇಟರ್ ಒತ್ತಿ ನೋಡೋಣ ಅಂದ್ರೆ ನೈಲಾನ್ ಘರ್ಷಣೆಯ ಬಿಸಿಗೆ ಕರಗಿ ಕಲ್ಲಿನಂತೆ ಗಟ್ಟಿಯಾಗುತ್ತೆ. ಮುಂದಿನದು ಲಂಗರು ಹಾಕಿ ಅಥವಾ ದಡ ಹಿಡಿದು ದೋಣಿಯನ್ನು ನಿಲ್ಲಿಸೋದು. ಹಗ್ಗದ ತುದಿ ಸಿಕ್ಕರೆ ಜೋರಾಗಿ ಜಗ್ಗಬಾರದು. ಒಬ್ಬರು ಶಾಫ್ಟನ್ನು ಕೈಯಿಂದ ಉಲ್ಟಾ ತಿರುಗಿಸುತ್ತಾ, ಇನ್ನೊಬ್ಬರು ಮೆಲ್ಲಗೆ ಎಳೆದರೆ ಎಷ್ಟೋ ಸಲ ಸುತ್ತು ಬಿಚ್ಚಿಕೊಳ್ಳುತ್ತೆ. ಗೇರ್‌ಬಾಕ್ಸ್ ಇರುವ ದೋಣಿಯಲ್ಲಿ ಪಂಪನ್ನು ಹಿಮ್ಮುಖ ತಿರುಗಿಸಿ ಕಸವನ್ನು ಹೊರಗೆ ದೂಡಬಹುದು. ಕಳೆಗೆ, ಸಣ್ಣ ಕಲ್ಲಿಗೆ ಇದು ಒಳ್ಳೆಯದು. ಹಗ್ಗವಾದರೆ ಇನ್ನೊಂದು ಕಡೆಯಿಂದ ಸುತ್ತಿಕೊಳ್ಳುವ ಭಯ ಇದ್ದೇ ಇದೆ.

ಬಗ್ಗದಿದ್ದರೆ ಉಳಿದ ದಾರಿ, ಪಂಪಿನ ಮೇಲಿರುವ ತಪಾಸಣೆ ಮುಚ್ಚಳ. ನಿಂತ ದೋಣಿಯಲ್ಲಿ ಅದರ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದೆಯೇ ಅಂತ ನೋಡಿಕೊಂಡು ತೆರೆಯಬೇಕು, ಜನ ಹಿಂಬದಿಯಲ್ಲಿ ಗುಂಪುಗೂಡಿದರೆ ಮಟ್ಟ ಬದಲಾಗುತ್ತೆ. ಕೈ ಇಳಿಸಿ, ಹರಿತವಾದ ಚಾಕುವಿನಿಂದ ತುಂಡು ತುಂಡಾಗಿ ಕತ್ತರಿಸಿ, ತೆಗೆದ ತುಂಡುಗಳನ್ನೆಲ್ಲ ಜೋಡಿಸಿ ನೋಡಬೇಕು. ಒಂದು ಗೇಣು ಒಳಗುಳಿದರೂ ಇಂಪೆಲ್ಲರ್ ಮತ್ತು ಅದರ ಸುತ್ತಲ ಉಂಗುರದ ನಡುವೆ ಸಿಕ್ಕಿ ಮತ್ತೆ ಕಾಡುತ್ತೆ. ಆಮೇಲೆ ನಿಧಾನವಾಗಿ ಎಂಜಿನ್ ಹಚ್ಚಿ ಅದುರುತ್ತಿದೆಯಾ, ಸೀಲ್ ಹತ್ತಿರ ನೀರು ಜಿನುಗುತ್ತಿದೆಯಾ ಅಂತ ನೋಡಬೇಕು.

ಮತ್ತೆ ಹ್ಯಾಮಿಲ್ಟನ್ ಅವರ ಕಥೆಗೆ ಬರೋಣ. 1960ರಲ್ಲಿ ಅವರ ಜೆಟ್ ಬೋಟುಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೋ ನದಿಯನ್ನು ಕೆಳಗಿನಿಂದ ಮೇಲಕ್ಕೆ ಹತ್ತಿದವು. ಅದುವರೆಗೆ ಯಾವ ದೋಣಿಯೂ ಮಾಡದ ಕೆಲಸ ಅದು. ಮುಂಚೂಣಿಯಲ್ಲಿ ಚಾಲಕನಾಗಿದ್ದವರು ಮಗ ಜಾನ್. 1974ರಲ್ಲಿ ಹ್ಯಾಮಿಲ್ಟನ್ ಅವರಿಗೆ ಸರ್ ಪದವಿ ಬಂತು. 1977ರಲ್ಲಿ ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ನಮ್ಮ ಗಂಗಾಸಾಗರದಿಂದ ಗಂಗೆಯ ಮೇಲಕ್ಕೆ ಜೆಟ್ ಬೋಟುಗಳಲ್ಲಿ ಹೊರಟಾಗ ತಂಡದಲ್ಲಿ ಜಾನ್ ಕೂಡ ಇದ್ದರು. ನಂದಪ್ರಯಾಗದ ಹತ್ತಿರ ಜಲಪಾತ ಅಡ್ಡ ಬರುವ ತನಕ ದೋಣಿಗಳು ಸಾಗಿದವು. ಮರುವರ್ಷ, 1978ರ ಮಾರ್ಚ್‌ನಲ್ಲಿ ಬಿಲ್ ಹ್ಯಾಮಿಲ್ಟನ್ ತೀರಿಕೊಂಡರು. ಕ್ರೈಸ್ಟ್‌ಚರ್ಚ್‌ನ ಕಂಪನಿ ಇವತ್ತಿಗೂ ವಾಟರ್‌ಜೆಟ್ ತಯಾರಿಸುತ್ತಿದೆ.

ನಾವು ಪ್ರಾಜೆಕ್ಟ್ ಮಾಡುವಾಗ ಎಫಿಶಿಯೆನ್ಸಿ ಎಷ್ಟು ಬಂತು ಅಂತ ಕೇಳ್ತೀವಿ. ಕೆಟ್ಟರೆ ಕೈ ಎಲ್ಲಿ ಹಾಕೋದು ಅಂತ ಕೇಳೋದು ಕಡಿಮೆ. ನದಿಯ ಮಧ್ಯೆ ಹಗ್ಗ ಸಿಕ್ಕಿ ನಿಂತ ದೋಣಿಯವನಿಗೆ ಎಫಿಶಿಯೆನ್ಸಿಯ ಅಂಕಿ ಬೇಡ, ಬಿಚ್ಚಲು ಬರುವ ಆ ಮುಚ್ಚಳ ಬೇಕು. ಮುಂದಿನ ಸಲ ಡ್ರಾಯಿಂಗ್ ಶೀಟ್ ಹರಡಿದಾಗ ಆ ಮುಚ್ಚಳಕ್ಕೂ ಒಂದು ಜಾಗ ಇಡೋಣ.