ಮನೆಯನ್ನೇ ಶಾಲೆ ಮಾಡಿದ ನಂಜನಗೂಡು ತಿರುಮಲಾಂಬ

ನಮ್ಮ ಇಲವಾಲದಿಂದ ಮೈಸೂರಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಇನ್ನೊಂದು ಬಸ್ಸು ಹಿಡಿದರೆ ಮುಕ್ಕಾಲು ಗಂಟೆಯಲ್ಲಿ ನಂಜನಗೂಡು ತಲುಪುತ್ತೇವೆ. ನಂಜನಗೂಡು ಎಂದರೆ ರಸಬಾಳೆ ನೆನಪಾಗುತ್ತದೆ, ಕಪಿಲಾ ನದಿ ನೆನಪಾಗುತ್ತದೆ, ಟಿಪ್ಪು ಸುಲ್ತಾನರು ಹಕೀಂ ನಂಜುಂಡ ಎಂದು ಕರೆದರೆಂಬ ಪ್ರತೀತಿಯಿರುವ ದೇವಾಲಯ ನೆನಪಾಗುತ್ತದೆ. ಅದೇ ಊರಿನಲ್ಲಿ ಹುಟ್ಟಿ, ಕನ್ನಡದ ಹೆಣ್ಣುಮಕ್ಕಳ ಓದಿಗಾಗಿ ತನ್ನ ಯೌವನವನ್ನೆಲ್ಲ ಸವೆಸಿದ ಮಹಿಳೆಯೊಬ್ಬರ ಹೆಸರು ಮಾತ್ರ ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಅವರೇ ನಂಜನಗೂಡು ತಿರುಮಲಾಂಬ.

ತಿರುಮಲಾಂಬ ಹುಟ್ಟಿದ್ದು 1887ರ ಮಾರ್ಚ್ 25ರಂದು, ಸಂಪ್ರದಾಯಸ್ಥ ಶ್ರೀವೈಷ್ಣವ ಕುಟುಂಬದಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರರು ವಕೀಲರು, ತಾಯಿ ಅಲಮೇಲಮ್ಮ. ಹತ್ತನೆಯ ವಯಸ್ಸಿಗೆ ಮದುವೆಯಾಯಿತು. ಮೈಸೂರು ಸಂಸ್ಥಾನ ಬಾಲ್ಯವಿವಾಹವನ್ನು ತಡೆಯಲು 1894ರಲ್ಲೇ ಕಾನೂನು ತಂದಿತ್ತು. ಆದರೆ ಅದು ಮುಖ್ಯವಾಗಿ ನಿಷೇಧಿಸಿದ್ದು ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಯನ್ನು. ಹತ್ತು ವರ್ಷದ ಹುಡುಗಿಯ ಮದುವೆ ಆ ಕಾನೂನಿನ ಕಣ್ಣಿಗೂ ತಪ್ಪಾಗಿರಲಿಲ್ಲ.

ಹದಿನಾಲ್ಕನೆಯ ವಯಸ್ಸಿಗೆ ಅವರ ಗಂಡ ತೀರಿಕೊಂಡರು. ಇಂದು ಆ ವಯಸ್ಸಿನ ಹುಡುಗಿ ಒಂಬತ್ತನೆಯ ತರಗತಿಯಲ್ಲಿರುತ್ತಾಳೆ. ಅಂದಿನ ಮೇಲ್ಜಾತಿಯ ಮನೆಗಳಲ್ಲಿ ವಿಧವೆಯಾದವಳಿಗೆ ಬಣ್ಣದ ಸೀರೆಯಿಲ್ಲ, ಹೂವಿಲ್ಲ, ಶುಭಕಾರ್ಯಗಳಿಗೆ ಪ್ರವೇಶವಿಲ್ಲ. ಬೆಳಿಗ್ಗೆ ಎದ್ದು ಅವಳ ಮುಖ ನೋಡುವುದೂ ಅಪಶಕುನ. ಮರುಮದುವೆಯ ಮಾತಂತೂ ಎತ್ತುವ ಹಾಗೇ ಇರಲಿಲ್ಲ. ಉಳಿದ ಬದುಕೆಲ್ಲ ಅಡುಗೆಮನೆಯ ಮೂಲೆಯಲ್ಲಿ ಕಳೆಯಬೇಕಿತ್ತು.

ಓದಿನ ಸ್ಥಿತಿಯೂ ಹಾಗೆಯೇ ಇತ್ತು. 1901ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಸಾವಿರ ಮಂದಿ ಹೆಂಗಸರಲ್ಲಿ ಹತ್ತು ಮಂದಿಗೂ ಓದು ಬರಹ ಬರುತ್ತಿರಲಿಲ್ಲ. ಅಕ್ಷರ ಕಲಿತ ಹೆಣ್ಣು ಗಂಡನನ್ನು ಕಳೆದುಕೊಳ್ಳುತ್ತಾಳೆ ಎಂಬ ನಂಬಿಕೆ ಬಲವಾಗಿತ್ತು. ಮೈಸೂರಿನಲ್ಲಿ 1881ರಲ್ಲೇ ಮಹಾರಾಣಿ ಶಾಲೆ ಆರಂಭವಾಗಿತ್ತು ನಿಜ. ಅದು ಬೆಳೆದು ಕಾಲೇಜಾಗಿ, 1906ರಲ್ಲಿ ಅಲ್ಲಿಂದ ರುಕ್ಮಿಣಿಯಮ್ಮ ಮತ್ತು ಶ್ರೀರಂಗಮ್ಮ ಪದವಿ ಪಡೆದರು. ಮೈಸೂರು ವಿಶ್ವವಿದ್ಯಾನಿಲಯವೇ ಇನ್ನೂ ಹುಟ್ಟಿರದ ಕಾಲವದು. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಸಣ್ಣ ಊರಿನ ಬಾಲವಿಧವೆಗೆ ಇಪ್ಪತ್ತೈದು ಕಿಲೋಮೀಟರು ಎಂಬುದು ಏಳು ಸಮುದ್ರದಾಚೆಯ ದೂರ.

ಇಲ್ಲಿ ತಿರುಮಲಾಂಬ ಅವರ ತಂದೆಯನ್ನು ನೆನೆಯಲೇಬೇಕು. ಊರಿನ ಮಾತಿಗೆ ಕಿವಿಗೊಡದೆ ಅವರು ಮಗಳ ಕೈಗೆ ಪುಸ್ತಕ ಕೊಟ್ಟರು. ಮಗಳು ಕನ್ನಡದ ಜೊತೆಗೆ ತೆಲುಗು, ತಮಿಳು ಕಲಿತರು. ಸಿಕ್ಕಿದ್ದನ್ನೆಲ್ಲ ಓದಿದರು. ಓದುತ್ತ ಓದುತ್ತ ಬರೆಯತೊಡಗಿದರು. ಶಾಲೆಯಿಲ್ಲ, ಪರೀಕ್ಷೆಯಿಲ್ಲ, ಅಂಕಪಟ್ಟಿಯಿಲ್ಲ. ಹೀಗೆ ಹನ್ನೆರಡು ವರ್ಷ ಕಳೆಯಿತು.

1913ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ತಿರುಮಲಾಂಬ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಅದರಲ್ಲಿ ಬಂದ ಅವರ ಕಾದಂಬರಿ 'ಸುಶೀಲೆ' ಜನಪ್ರಿಯವಾಗಿ ಮರುಮುದ್ರಣಗಳನ್ನು ಕಂಡಿತು. 'ನಭಾ', 'ವಿರಾಗಿಣಿ', 'ದಕ್ಷಕನ್ಯಾ', 'ಮಾತೃನಂದಿನಿ' ಮುಂತಾದವು ಒಂದರ ಹಿಂದೊಂದು ಬಂದವು. ನಾಟಕ ಬರೆದರು, ಪ್ರಬಂಧ ಬರೆದರು, ಪತ್ತೇದಾರಿ ಕಥೆಗೂ ಕೈ ಹಾಕಿದರು. ಮೂರ್ನಾಲ್ಕು ವರ್ಷಗಳಲ್ಲಿ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ, ಮುಂದೆ 'ಸನ್ಮಾರ್ಗದರ್ಶಿ'ಯನ್ನೂ ನಡೆಸಿದರು. ಹೊಸಗನ್ನಡದ ಮೊದಲ ಕಾದಂಬರಿಗಾರ್ತಿ, ಮೊದಲ ಪ್ರಕಾಶಕಿ, ಮೊದಲ ಪತ್ರಕರ್ತೆ ಎಂಬ ಮೂರು ಗೌರವಗಳೂ ಅವರಿಗೇ ಸಲ್ಲುತ್ತವೆ.

ಅವರ ಉಪಾಯ ಎಷ್ಟು ಸರಳವೋ ಅಷ್ಟೇ ಗಟ್ಟಿಯಾದದ್ದು. ಹೆಣ್ಣುಮಗಳು ಶಾಲೆಗೆ ಹೋಗುವಂತಿಲ್ಲ ಎಂದಾದರೆ ಶಾಲೆಯೇ ಅವಳಿರುವಲ್ಲಿಗೆ ಹೋಗಬೇಕು. ಪುಸ್ತಕಕ್ಕೆ ಹೊಸಿಲು ಅಡ್ಡಿಯಲ್ಲ. ಅದು ಯಾರ ಮನೆಯ ಒಳಕೋಣೆಗಾದರೂ ಹೋಗಬಲ್ಲದು, ಒಲೆಯ ಪಕ್ಕದಲ್ಲೂ ಕುಳಿತುಕೊಳ್ಳಬಲ್ಲದು. ಅಕ್ಕಪಕ್ಕದ ಮನೆಗಳ ಹೆಣ್ಣುಮಕ್ಕಳಿಗಾಗಿ ಅವರು ತಮ್ಮ ಮನೆಯಲ್ಲೇ 'ಮಾತೃಮಂದಿರ' ಎಂಬ ಪಾಠಶಾಲೆ ತೆರೆದು, ಹಣ ಪಡೆಯದೆ ಕಲಿಸಿದರು. ಯಾರ ಮುಖ ನೋಡಬಾರದು ಎಂದು ಸಮಾಜ ಹೇಳುತ್ತಿತ್ತೋ ಅವರ ಮುಂದೆಯೇ ಮಕ್ಕಳು ಅಕ್ಷರ ಕಲಿಯಲು ಕುಳಿತರು.

ಇದೇ ವರ್ಷಗಳಲ್ಲಿ ಬಂಗಾಳದಲ್ಲಿಯೂ ಇಂಥದೇ ಒಂದು ಹೋರಾಟ ನಡೆದಿತ್ತು. ರಂಗಪುರ ಜಿಲ್ಲೆಯ ಪಾಯರಾಬಂದ್‌ನಲ್ಲಿ 1880ರಲ್ಲಿ ಹುಟ್ಟಿದ ಬೇಗಂ ರುಕೈಯಾ ಸಖಾವತ್ ಹುಸೇನ್ ಅವರು ಅಣ್ಣನಿಂದ ರಾತ್ರಿ ಹೊತ್ತು, ಮನೆಯವರು ಮಲಗಿದ ಮೇಲೆ ಓದು ಕಲಿತವರು. 1909ರಲ್ಲಿ ಗಂಡ ತೀರಿಕೊಂಡ ಕೆಲವೇ ತಿಂಗಳಲ್ಲಿ ಭಾಗಲ್ಪುರದಲ್ಲಿ ಮುಸ್ಲಿಂ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಅಲ್ಲಿ ಇರಲಾಗದೆ ಕಲ್ಕತ್ತೆಗೆ ಬಂದು, 1911ರಲ್ಲಿ ಎಂಟು ಮಂದಿ ವಿದ್ಯಾರ್ಥಿನಿಯರೊಂದಿಗೆ ಮತ್ತೆ ಆರಂಭಿಸಿದರು. ಮನೆಮನೆಗೆ ಹೋಗಿ ತಂದೆತಾಯಿಯರನ್ನು ಒಪ್ಪಿಸಿದರು. ಭಾಷೆ ಬೇರೆ, ಧರ್ಮ ಬೇರೆ, ಊರು ಬೇರೆ. ಆದರೆ ಇಬ್ಬರೂ ಗಂಡನನ್ನು ಕಳೆದುಕೊಂಡ ದುಃಖದಲ್ಲೇ ಕೂರದೆ ಇತರರ ಮಕ್ಕಳ ಕೈಗೆ ಪುಸ್ತಕ ಕೊಟ್ಟರು. ಹೆಣ್ಣುಮಕ್ಕಳ ಓದು ಯಾವುದೋ ಒಂದು ಸಮುದಾಯದ ಸಮಸ್ಯೆಯಲ್ಲ, ಒಂದು ಸಮುದಾಯದ ಸಾಧನೆಯೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ತಿರುಮಲಾಂಬ ಅವರ ಎಲ್ಲ ವಿಚಾರಗಳನ್ನೂ ಇಂದಿನವರು ಒಪ್ಪಬೇಕಾಗಿಲ್ಲ. ಅವರ ಕಾದಂಬರಿಗಳ ನಾಯಕಿಯರು ಹೆಚ್ಚಾಗಿ ತಾಳ್ಮೆಯ, ಪತಿಭಕ್ತಿಯ ಹೆಣ್ಣುಮಕ್ಕಳು. ಕಥೆಗಿಂತ ಉಪದೇಶ ಮುಂದಾಗುತ್ತದೆ ಎಂಬ ಟೀಕೆ ಅವರ ಕಾಲದಲ್ಲೇ ಬಂದಿತ್ತು. ಸಂಪ್ರದಾಯವನ್ನು ಮುರಿಯಿರಿ ಎಂದು ಅವರು ಕೂಗಲಿಲ್ಲ. ಆದರೆ ಓದಬಾರದು ಎಂದಿದ್ದವರ ನಡುವೆ ಕುಳಿತು ಓದಿದರು, ಬರೆದರು, ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಸಿದರು. ವಿಧವೆಯೊಬ್ಬಳ ಹೆಸರು ಪುಸ್ತಕದ ಮುಖಪುಟದ ಮೇಲೆ ಬಂದದ್ದೇ ಆ ದಿನಗಳಲ್ಲಿ ದೊಡ್ಡ ಪ್ರತಿಭಟನೆ.

ಕಾಲ ಸರಿಯಿತು. ಹೊಸ ಸಾಹಿತ್ಯ ಬಂತು, ಹೊಸ ವಿಮರ್ಶೆ ಬಂತು. ಅವರ ಬರವಣಿಗೆಗೆ ಹಿಂದಿನ ಮನ್ನಣೆ ಉಳಿಯಲಿಲ್ಲ. ಅವರು ಲೇಖನಿ ಕೆಳಗಿಟ್ಟು ಮದರಾಸಿಗೆ ಹೋಗಿ ಮೌನವಾಗಿ ಬದುಕಿದರು. ಆ ಮೌನ ಹಲವು ದಶಕ ನಡೆಯಿತು. ಅವರು ಬಹಳ ಹಿಂದೆಯೇ ತೀರಿಕೊಂಡಿರಬೇಕೆಂದು ಕನ್ನಡನಾಡು ಭಾವಿಸಿತ್ತು. ಆಮೇಲೆ ಬೆಂಗಳೂರಿನ ಪ್ರಾಧ್ಯಾಪಕಿ ಚಿ.ನ. ಮಂಗಳಾ ಅವರು ಹಳೆಯ ಲೇಖಕಿಯರ ಬಗ್ಗೆ ಹುಡುಕುತ್ತ ಹೊರಟಾಗ, ತಿರುಮಲಾಂಬ ಇನ್ನೂ ಬದುಕಿದ್ದಾರೆ ಎಂಬುದು ಗೊತ್ತಾಯಿತು. ಮರೆತುಹೋಗಿದ್ದ ಹೆಸರನ್ನು ಮತ್ತೆ ಜನರ ಮುಂದೆ ತಂದವರು ಕೂಡ ಓದಿದ ಒಬ್ಬ ಹೆಣ್ಣುಮಗಳೇ. 1982ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ತಿರುಮಲಾಂಬ ಕಣ್ಣು ಮುಚ್ಚಿದರು. ಇಂದು ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಇದೆ.

ವಿದ್ಯಾರ್ಥಿ ಮಿತ್ರರೇ, ನಮ್ಮ ಕಾಲದಲ್ಲಿ ಹತ್ತು ವರ್ಷಕ್ಕೆ ಮದುವೆಯಿಲ್ಲ. ಹದಿನೆಂಟು ತುಂಬುವವರೆಗೆ ಮದುವೆ ಮಾಡುವಂತಿಲ್ಲ ಎಂದು ಕಾನೂನಿದೆ. ಆದರೂ ಪ್ರಥಮ ಪಿಯುಸಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ದ್ವಿತೀಯ ಪಿಯುಸಿಗೆ ಬಾರದೇ ಹೋಗುವುದನ್ನು ನಾವು ನೋಡುತ್ತೇವೆ. ಕೆಲವರಿಗೆ ಬಸ್ಸಿನ ದೂರ ಅಡ್ಡಿ, ಕೆಲವರಿಗೆ ಮನೆಯ ಬಡತನ, ಕೆಲವರಿಗೆ ಓದಿದ್ದು ಸಾಕು ಎಂಬ ಹಿರಿಯರ ಒಂದು ಮಾತು. ಅಂಥ ಗೆಳತಿಯ ಮನೆಗೆ ಒಮ್ಮೆ ಹೋಗಿ ಬನ್ನಿ. ನಿಮ್ಮ ನೋಟ್ಸು ಅವಳಿಗೆ ಕೊಡಿ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯಬಹುದೆಂದು ಅವಳ ತಂದೆತಾಯಿಗೆ ತಿಳಿಸಿ. ಹೇಗೆ ಎಂಬುದನ್ನು ಉಪನ್ಯಾಸಕರಲ್ಲಿ ಕೇಳಿ. ಮುಕ್ತ ವಿಶ್ವವಿದ್ಯಾನಿಲಯ ಮೈಸೂರಿನಲ್ಲೇ ಇದೆ, ಮುಂದಿನ ಓದಿಗೂ ದಾರಿಯಿದೆ. ಮನೆಯಲ್ಲಿ ಓದು ಬಿಟ್ಟ ಅಕ್ಕನಿದ್ದರೆ, ಓದು ಬಾರದ ಅಮ್ಮನಿದ್ದರೆ ದಿನಕ್ಕೆ ಅರ್ಧ ಗಂಟೆ ಅವರ ಜೊತೆ ಪುಸ್ತಕ ಹಿಡಿದು ಕೂರಿ. ನೂರು ವರ್ಷಗಳ ಹಿಂದೆ ನಂಜನಗೂಡಿನ ಒಂದು ಮನೆಯಲ್ಲಿ ಆದದ್ದು ಇಂದು ನಮ್ಮ ಮನೆಗಳಲ್ಲೂ ಆಗಬಹುದು.